ಬೀಗರ ಚಹಾಕ್ಕೆ ಬಿದ್ದ ತೂತು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಎತ್ತರ ಕಂಡರೆ ಭಯ. ನನಗೆ ಸಣ್ಣ ಅಕ್ಷರ ಕಂಡರೆ ಭಯ. ಗುಳಿಗೆಯ ಡಬ್ಬಿಯೊಳಗೆ ಮಡಿಕೆ ಮಡಿಕೆಯಾಗಿ ಕೂತಿರುವ ಕಾಗದ, ಬಸ್ ಟಿಕೆಟ್ಟಿನ ಬೆನ್ನ ಮೇಲಿನ ಸೂಚನೆ, ಲಿಫ್ಟಿನೊಳಗೆ ಮೊಳೆ ಹೊಡೆದ ತಗಡಿನ ಬರಹ, ಇವನ್ನೆಲ್ಲ ಕೊನೆಯತನಕ ಓದುವ ಮನುಷ್ಯ ಬೆಳಗಾವಿಯಲ್ಲಿ ನಾನೊಬ್ಬನೇ ಇರಬೇಕು. ಓದಿದ ಮೇಲೆ ನೆಮ್ಮದಿ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಒಮ್ಮೆ ತಲೆನೋವಿಗೆ ತಂದ ಗುಳಿಗೆಯ ಕಾಗದ ಓದುತ್ತಾ ಹೋದ ಹಾಗೆ ಅದರಲ್ಲಿ ಬರೆದ ಅಡ್ಡಪರಿಣಾಮಗಳೆಲ್ಲ ಒಂದೊಂದಾಗಿ ನನ್ನ ಮೈಯಲ್ಲಿ ಕಾಣಿಸಿಕೊಂಡು, ಗುಳಿಗೆ ನುಂಗದೆಯೇ ಮಲಗಿಬಿಟ್ಟಿದ್ದೆ. ನನಗೆ ಗುಳಿಗೆ ತರುವುದೇ ದಂಡ, ಬರೀ ಕಾಗದ ತಂದರೆ ಸಾಕು ಎಂದು ನನ್ನ ಹೆಂಡತಿ ಸಾವಿತ್ರಿ ಅಂದಿನಿಂದ ಬಂದವರ ಮುಂದೆಲ್ಲ ಹೇಳುತ್ತಾಳೆ. ಇಂಥ ಮನುಷ್ಯ ಯಾವ ಉದ್ಯೋಗ ಮಾಡಬಾರದೋ ಅದನ್ನೇ ನಾನು ಮಾಡಿಕೊಂಡಿದ್ದೇನೆ. ಚಹಾಪುಡಿಯ ಪಾಕೀಟು ಮಾಡಿ ಅಂಗಡಿಗಳಿಗೆ ಹಂಚುತ್ತೇನೆ. ಈಗಿನ ಕಾಲದಲ್ಲಿ ಚಹಾಪುಡಿ ಮಾರುವುದೆಂದರೆ ಮುಖ್ಯವಾಗಿ ಸಣ್ಣ ಅಕ್ಷರ ಮಾರುವುದು. ಉಳಿದ ಜಾಗದಲ್ಲಿ ಹಿಡಿಸಿದಷ್ಟು ಚಹಾ.

ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ಪೇಟೆಯ ಅಂಗಡಿಯಲ್ಲಿ ಅಸ್ಸಾಮಿನ ಪುಡಿಯನ್ನೂ ನೀಲಗಿರಿಯ ಪುಡಿಯನ್ನೂ ಒಂದು ಚಾದರದ ಮೇಲೆ ಸುರುವಿ, ಎರಡೂ ಕೈಯಿಂದ ಕಲಸಿ, ಕಾಗದದಲ್ಲಿ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದರು. ದಾರ ಸುತ್ತುವ ಮೊದಲು ಒಂದು ಶಾಸ್ತ್ರವಿತ್ತು. ಗಿರಾಕಿ ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಮೂಗಿಗೆ ಹಿಡಿದು, ತಲೆ ಆಡಿಸಬೇಕು. ಅವನ ತಲೆ ಆಡಿದ ಮೇಲೆಯೇ ಅಪ್ಪನ ಕೈ ದಾರಕ್ಕೆ ಹೋಗುತ್ತಿತ್ತು. ಪರವಾನಗಿ, ಪ್ರಮಾಣಪತ್ರ, ಗ್ರಾಹಕ ಸೇವೆ ಎಲ್ಲವೂ ಆ ತಲೆ ಆಡಿಸುವುದರಲ್ಲೇ ಮುಗಿದುಹೋಗುತ್ತಿತ್ತು.

ಅಪ್ಪ ಹೋದ ಮೇಲೆ ನಾನು ವ್ಯಾಪಾರವನ್ನು ಕಾಯದೆಯ ಪ್ರಕಾರ ಮಾಡಲು ಹೊರಟೆ. ಯಾರೂ ಒತ್ತಾಯ ಮಾಡಿರಲಿಲ್ಲ; ನನ್ನ ನಿದ್ದೆ ಒತ್ತಾಯ ಮಾಡಿತ್ತು. ಆಟೋ ನಗರದಲ್ಲಿ ಒಂದು ಶೆಡ್ಡು ಹಿಡಿದು ಪಾಕೀಟು ಮಾಡುವ ಯಂತ್ರ ಕೂಡಿಸಿದೆ. ಒಂದು ಬಾಜು ಗಾಡಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು, ಇನ್ನೊಂದು ಬಾಜು ಪಂಕ್ಚರ್ ಅಂಗಡಿ. ಚಹಾಪುಡಿಯೋ, ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವ ಸ್ವಭಾವದ್ದು. ಪಕ್ಕದಲ್ಲಿ ಲಾರಿಯೊಂದಕ್ಕೆ ಹಸಿರು ಬಣ್ಣ ಹೊಡೆಯುತ್ತಿದ್ದರೆ ನನಗೆ ಇಲ್ಲಿ ನನ್ನ ಚಹಾ ಹಸಿರಾದಂತೆ ಭಾಸವಾಗಿ ಕಿಡಕಿ ಮುಚ್ಚಿಸುತ್ತಿದ್ದೆ. ಪರವಾನಗಿಗಳ ಕೆಲಸಕ್ಕೆ ಏಜಂಟ್ ಪಾಟೀಲರನ್ನು ಹಿಡಿದೆ. ಆಹಾರದವರದು ಒಂದು, ತೂಕ-ಅಳತೆಯವರದು ಒಂದು, ಚಹಾ ಹಂಚುವವರು ತೆಗೆದುಕೊಳ್ಳಬೇಕಾದದ್ದು ಇನ್ನೊಂದು, ಹೆಸರು ನೋಂದಾಯಿಸುವುದು ಮತ್ತೊಂದು. ಪಾಟೀಲರಿಗೆ ಗೊತ್ತಿಲ್ಲದ ನಿಯಮ ಇಲ್ಲ. ಅದೇ ಅವರಲ್ಲಿರುವ ದೋಷ. ನಾನು ಫೋನು ಮಾಡಿ ಏನು ಕೇಳಿದರೂ ಅದಕ್ಕೊಂದು ನಿಯಮ ಇದ್ದೇ ಇರುತ್ತಿತ್ತು. ನಾನು ಕೇಳದೇ ಇದ್ದಿದ್ದರೆ ಅದು ಇರುತ್ತಿರಲಿಲ್ಲವೇನೋ ಎಂದು ನನಗೆ ಈಗಲೂ ಗುಮಾನಿ.

ಹೆಸರಿಡುವುದೇ ದೊಡ್ಡ ಪ್ರಕರಣವಾಯಿತು. ಹೂವಿನ ಹೆಸರುಗಳೆಲ್ಲ ಹಂಚಿಹೋಗಿದ್ದವು. ಸೂರ್ಯ, ಚಂದ್ರ, ಹುಲಿ, ಆನೆ ಯಾವುದೂ ಖಾಲಿ ಇರಲಿಲ್ಲ. ನಮ್ಮ ಕಡೆ ಯಾರ ಮನೆಗೆ ಹೋದರೂ ಒಂದು ಕಪ್ಪು ಮುಗಿದ ಮೇಲೆ "ಇನ್ನರ್ಧಾ ತಗೋರಿ" ಎನ್ನುತ್ತಾರಲ್ಲ, ಅದನ್ನೇ ಹೆಸರು ಮಾಡೋಣ ಎಂದೆ. ಪಾಟೀಲರು ಕಣ್ಣು ಮುಚ್ಚಿ ಯೋಚಿಸಿ, ಪಾಕೀಟಿನ ಮೇಲೆ ಅರ್ಧ ಎಂದು ಬರೆದರೆ ತೂಕದ ಬಗ್ಗೆ ತಪ್ಪು ತಿಳುವಳಿಕೆ ಕೊಟ್ಟಂತೆ ಆಗಬಹುದು, ಉಳಿದರ್ಧ ಎಲ್ಲಿ ಎಂದು ಯಾರಾದರೂ ದೂರು ಕೊಡಬಹುದು ಎಂದರು. ನೀಲಗಿರಿಯ ಗುರುತು ಹಾಕೋಣವೆಂದರೆ ಅದಕ್ಕೆ ಬೇರೆ ಅನುಮತಿ ಬೇಕು, ಒಳಗಿರುವುದೆಲ್ಲ ಅಲ್ಲಿಯದೇ ಆಗಿರಬೇಕು. ನನ್ನದು ಅಪ್ಪನ ಚಾದರದ ಕಲಬೆರಕೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿದಿದ್ದ ಒಂದು ಹೆಸರು ಸಿಕ್ಕಿತು: ಬೀಗರ ಚಹಾ. ಬೀಗರು ಬಂದಾಗ ಮಾಡುವ ಚಹಾವೇ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುತ್ತದೆ ಎಂಬುದು ನನ್ನ ತರ್ಕ. ಮದುವೆಯ ಮಾತಿಗೆ ಬಂದಾಗ ನಮ್ಮ ಮನೆಯಲ್ಲಿ ತನ್ನಪ್ಪನಿಗೆ ಕೊಟ್ಟ ಚಹಾವನ್ನು ತಾನಿನ್ನೂ ಮರೆತಿಲ್ಲ ಎಂದಷ್ಟೇ ಸಾವಿತ್ರಿ ಹೇಳಿದಳು. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಪಾಕೀಟು ತಯಾರಾಯಿತು. ಮುಂದೆ ಚಹಾ ಕಪ್ಪಿನ ಚಿತ್ರ, ಹಿಂದೆ ನನ್ನ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆ, ತೂಕ, ತುಂಬಿದ ದಿನ, ಯಾವಾಗಿನತನಕ ಚೆನ್ನಾಗಿರುತ್ತದೆ ಎಂಬ ಮಾತು, ಸಸ್ಯಾಹಾರದ ಹಸಿರು ಚುಕ್ಕೆ, ದೂರು ಹೇಳಲು ಫೋನು. ಗಾಳಿಯೂ ಆಡದಂತೆ ಸುತ್ತ ಸೀಲು. ಯಂತ್ರದಿಂದ ಬಿದ್ದ ಮೊದಲ ಪಾಕೀಟನ್ನು ನಾನು ಮಗುವನ್ನು ಹಿಡಿದಂತೆ ಹಿಡಿದುಕೊಂಡಿದ್ದೆ.

ಖಾನಾಪುರ ತಾಲ್ಲೂಕಿನಲ್ಲಿ ನನ್ನ ವ್ಯಾಪಾರದ ಬಾಗಿಲೆಂದರೆ ನಂದಗಡದ ದಾದಾಪೀರ್ ಚಾಚಾ ಅವರ ಕಿರಾಣಿ ಅಂಗಡಿ. ಅಪ್ಪನ ಕಾಲದಿಂದಲೂ ನಮ್ಮ ಪುಡಿಯನ್ನೇ ಮಾರುವವರು. ಚಾಚಾ ಏನು ಇಡುತ್ತಾರೋ ಸುತ್ತಲಿನ ಹಳ್ಳಿಗಳ ಅಂಗಡಿಯವರು ಅದನ್ನೇ ಇಡುತ್ತಾರೆ. ಚಾಚಾ ಕೈಬಿಟ್ಟರೆ ಖಾನಾಪುರ ಕೈಬಿಟ್ಟಂತೆ, ಖಾನಾಪುರ ಕೈಬಿಟ್ಟರೆ ಆಟೋ ನಗರದ ಶೆಡ್ಡಿಗೆ ಬೀಗ. ಆದ್ದರಿಂದ ಮಳೆ ಹಿಡಿದ ಮೇಲೆ ಅವರ ಅಂಗಡಿಯಿಂದ ಪಾಕೀಟುಗಳು ವಾಪಸು ಬರತೊಡಗಿದಾಗ ಎರಡನ್ನು ಬಿಚ್ಚಿ ನೋಡಿದೆ. ಪುಡಿ ತೇವ ಹಿಡಿದು ಮೆತ್ತಗಾಗಿತ್ತು. ಯಂತ್ರದ ಸೀಲು ಕೆಟ್ಟಿರಬೇಕೆಂದು ಮೆಕ್ಯಾನಿಕ್ ಕರೆಸಿ ಬಿಚ್ಚಿಸಿದೆ. ಅವನಿಗೂ ಏನೂ ಸಿಗಲಿಲ್ಲ. ಕೊನೆಗೆ ಪಕ್ಕದ ಪಂಕ್ಚರ್ ಅಂಗಡಿಯವನ ನೀರು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಒಂದು ಪಾಕೀಟನ್ನು ಟ್ಯೂಬಿನಂತೆ ಅದ್ದಿ ಹಿಚುಕಿದೆವು. ಬುಳುಬುಳು ಎಂದು ಗುಳ್ಳೆ ಬಂದವು. ಸೀಲಿನಿಂದಲ್ಲ, ಸರಿಯಾಗಿ ಕಪ್ಪಿನ ಚಿತ್ರದ ನಡುವಿನಿಂದ. "ಮೊಳಿ ಹೊಕ್ಕೈತ್ರಿ" ಎಂದು ಅವನು ಅಭ್ಯಾಸಬಲದಿಂದ ಹೇಳಿದ.

ಮರುದಿನವೇ ನಂದಗಡಕ್ಕೆ ಓಡಿದೆ. ಚಾಚಾ ಏನನ್ನೂ ಮುಚ್ಚಿಡಲಿಲ್ಲ. ಜಾಕೀಟಿನ ಗುಂಡಿಯ ಬಾಜುವಿಗೆ ಒಂದು ಪಿನ್ನು ಸಿಕ್ಕಿಸಿಕೊಂಡಿದ್ದರು. ಗಿರಾಕಿ ಬಂದ ಕೂಡಲೇ ಪಾಕೀಟಿಗೆ ಅದನ್ನು ಚುಚ್ಚಿ ಕೈಗೆ ಕೊಡುವುದು, ಗಿರಾಕಿ ಅದನ್ನು ಮೂಗಿನ ಹತ್ತಿರ ಹಿಡಿದು ಹಿಚುಕುವುದು, ಒಳಗಿನ ಗಾಳಿ ಪುಸ್ಸೆಂದು ಬಂದು ಮೂಗಿಗೆ ಹೊಡೆಯುವುದು, ಆಮೇಲೆ ವ್ಯಾಪಾರ. ಬಂದವರನ್ನು ಕಾಯಿಸಬಾರದೆಂದು ಬಿಡುವಿದ್ದಾಗ ಇಡೀ ಪೆಟ್ಟಿಗೆಯ ಪಾಕೀಟುಗಳಿಗೇ ಚುಚ್ಚಿ ಇಟ್ಟಿರುತ್ತಿದ್ದರು. ಮಾರಾಟವಾಗದೆ ಉಳಿದವು ಮಳೆಗಾಲದ ಗಾಳಿ ಕುಡಿದು ನನ್ನ ಹತ್ತಿರ ಬರುತ್ತಿದ್ದವು.

"ಮೂಸದ ಚಾಪುಡಿ ಯಾರ ತಗೋತಾರ್ರಿ, ಸಾವಕಾರ್ರ?" ಎಂದರು ಚಾಚಾ. "ನಮ್ಮ ಮಂದಿ ಹೆಣ್ಣ ನೋಡಾಕ ಹೋದ್ರ ಒಂದ ಸಲ ನೋಡಿ ಹೂಂ ಅಂದ್ಬಿಡ್ತಾರ. ಚಾಪುಡಿ ಮಾತ್ರ ತಾವೂ ಮೂಸಿ, ಬಾಜು ನಿಂತಾವರಿಗೂ ಮೂಸಿಸಿ, ಆಮ್ಯಾಲ ತಗೋತಾರ."

ದೊಡ್ಡ ಕಂಪನಿಯ ಪಾಕೀಟು ಅಲ್ಲೇ ತೂಗುತ್ತಿತ್ತು. ಅದನ್ನು ಯಾಕೆ ಮೂಸುವುದಿಲ್ಲ ಎಂದು ಕೇಳಿದೆ. ಅದು ಟೀವಿಯಲ್ಲಿ ಬರುತ್ತದೆ, ಟೀವಿಯಲ್ಲಿ ಬಂದದ್ದನ್ನು ಮೂಸುವ ರೂಢಿ ಇಲ್ಲ ಎಂದರು. ನಾನು ಅವರಿಗೆ ನಿಯಮ ವಿವರಿಸಿದೆ. ತೂತು ಬಿದ್ದ ಪಾಕೀಟು ಮಾರುವುದು ತಪ್ಪು, ತಪಾಸಣೆಯವರು ಬಂದು ಒಂದನ್ನು ಒಯ್ದರೆ ಹಿಂದೆ ಬರೆದಿರುವುದು ನನ್ನ ಹೆಸರು, ಪರವಾನಗಿ ಹೋಗುತ್ತದೆ, ಅಪ್ಪನ ವ್ಯಾಪಾರ ಮುಳುಗುತ್ತದೆ. ಸುಮಾರು ಹೊತ್ತು ಮಾತಾಡಿದೆನೆಂದು ಕಾಣುತ್ತದೆ. ನಡುವೆ ಚಾಚಾ ಇಬ್ಬರಿಗೆ ಬೆಲ್ಲ ತೂಗಿ ಕೊಟ್ಟರು. ಎಲ್ಲ ಮುಗಿದ ಮೇಲೆ ಪಿನ್ನು ಕಿತ್ತು ಗಲ್ಲಾಪೆಟ್ಟಿಗೆಯೊಳಗೆ ಹಾಕಿದರು. ತೂತು ಇದ್ದರೆ ನನ್ನ ಲೈಸನ್ಸು ಹೋಗುತ್ತದೆ, ತೂತು ಇಲ್ಲದಿದ್ದರೆ ನನ್ನ ಖಾನಾಪುರ ಹೋಗುತ್ತದೆ. ಈ ಎರಡರ ನಡುವೆ ಕೂತು ನಾನು ಬಸ್ಸಿನಲ್ಲಿ ಬೆಳಗಾವಿಗೆ ಬಂದೆ.

ಪಾಟೀಲರು ಸಮಾಧಾನ ಹೇಳಿದರು. ಅಂಗಡಿಯಲ್ಲಿ ಒಂದು ಡಬ್ಬಿಯಲ್ಲಿ ಸ್ವಲ್ಪ ಪುಡಿ ಇಡಿಸಿ, ಮೂಸುವವರು ಅದನ್ನು ಮೂಸಲಿ. ಮೇಲೆ ಮಾತ್ರ "ಮಾರಾಟಕ್ಕಲ್ಲ" ಎಂದು ಬರೆಸಲು ಮರೆಯಬೇಡಿ. ನಾನು ಚೆಂದದ ತಗಡಿನ ಡಬ್ಬಿ ಮಾಡಿಸಿ, ಮಾರಾಟಕ್ಕಲ್ಲ ಎಂದು ಕೆಂಪು ಬಣ್ಣದಲ್ಲಿ, ನನ್ನ ಸ್ವಭಾವಕ್ಕೆ ತಕ್ಕಂತೆ ನಾಲ್ಕೂ ಕಡೆ ಬರೆಸಿ ಕಳಿಸಿದೆ. ಒಂದು ವಾರಕ್ಕೆಲ್ಲ ಚಾಚಾ ಫೋನು ಮಾಡಿದರು. ಈಗ ಜನ ಪಾಕೀಟು ಮುಟ್ಟುತ್ತಿಲ್ಲ, ಡಬ್ಬಿಯೊಳಗಿನದನ್ನೇ ಕೊಡು ಎನ್ನುತ್ತಿದ್ದಾರೆ. ಮಾರಾಟಕ್ಕಲ್ಲ ಎಂದು ಬರೆದಿಟ್ಟಿದ್ದಾರೆಂದರೆ ಅದು ಸಾವಕಾರರು ತಮ್ಮ ಮನೆಗೆ ಇಟ್ಟುಕೊಂಡ ಮಾಲೇ ಇರಬೇಕು, ಪಾಕೀಟಿನೊಳಗಿನದು ಮಂದಿಗೆ ಎಂಬುದು ಜನರ ಲೆಕ್ಕ. ಎರಡೂ ಒಂದೇ ಎಂದು ಚಾಚಾ ಆಣೆ ಮಾಡಿದರೂ ಯಾರೂ ನಂಬಲಿಲ್ಲವಂತೆ. ಈ ಸಂತೆ ಮುಗಿದ ಮೇಲೆ ಪಾಕೀಟು ಎಲ್ಲ ಒಯ್ದುಬಿಡಿ, ನಿಮ್ಮ ಅಪ್ಪನವರ ಮುಖ ನೋಡಿ ಇಷ್ಟು ದಿನ ಇಟ್ಟೆ ಎಂದು ಹೇಳಿ ಅವರು ಫೋನು ಇಟ್ಟರು.

ಸಂತೆಯ ದಿನ ಮಾಲು ವಾಪಸು ತರಲೆಂದು ಗಾಡಿ ಮಾಡಿಕೊಂಡು ಹೋದೆ. ಅಂಗಡಿಯ ಮೂಲೆಯಲ್ಲಿ ನನ್ನ ಪಾಕೀಟುಗಳನ್ನು ಹೊರೆ ಕಟ್ಟಿ ಇಟ್ಟಿದ್ದರು. ಚಾಚಾ ನನ್ನ ಮುಖ ನೋಡಲಿಲ್ಲ. ಕುಂದರ್ರಿ ಎಂದು ಸ್ಟೂಲು ಕೊಟ್ಟರು. ಅಷ್ಟರಲ್ಲಿ ಬೀಡಿ ಊರಿನಿಂದ ಸಂತೆಗೆ ಬಂದ ಒಬ್ಬ ಹೆಣ್ಣುಮಗಳು ಚಹಾಪುಡಿ ಕೇಳಿದಳು. ಮಗಳ ನಿಶ್ಚಯಕ್ಕೆ ನಾಳೆ ಬೀಗರು ಬರುವವರಿದ್ದಾರೆ, ಹೆಸರು ಕೆಡದ ಪುಡಿ ಬೇಕು ಎಂದಳು. ಹೊರೆಯಿಂದ ಒಂದು ಪಾಕೀಟು ಎಳೆದು ನಾನೇ ಅವಳ ಕೈಗೆ ಕೊಟ್ಟೆ. ಹೆಸರು ಓದುವ ಗೋಜಿಗೆ ಹೋಗದೆ ಆಕೆ ಅದನ್ನು ಮೂಗಿಗೆ ಹಿಡಿದು ಹಿಚುಕಿದಳು. ಏನೂ ಬರಲಿಲ್ಲ. ಪಾಕೀಟನ್ನು ಕಟ್ಟೆಯ ಮೇಲೆ ಇಟ್ಟು, ತೂಗುತ್ತಿದ್ದ ಟೀವಿಯ ಪಾಕೀಟಿನ ಕಡೆ ಕೈ ಚಾಚಿದಳು.

ನಾನು ಎದ್ದು ನಿಂತು, ನನ್ನ ಪಾಕೀಟಿನ ಹಿಂಬದಿಯನ್ನು ಅವಳಿಗೆ ಓದಿ ಹೇಳತೊಡಗಿದೆ. ಪರವಾನಗಿ ಇದೆ, ತುಂಬಿದ ದಿನ ಇದೆ, ಹಸಿರು ಚುಕ್ಕೆ ಇದೆ, ದೂರಿಗೆ ಫೋನು ಇದೆ.

"ಅದನ್ನೆಲ್ಲಾ ಕುದಿಸಿ ಕುಡಿಯೂದೇನ್ರಿ?" ಎಂದಳು ಆಕೆ.

ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈ ಮಾಡಿತು ಎನ್ನಬೇಕು. ಜೇಬಿನಲ್ಲಿ ಪೆನ್ನಿತ್ತು. ಪಾಕೀಟಿನ ಸೀಲಿಗೆ ಯಾವ ಧಕ್ಕೆಯೂ ಬಾರದಂತೆ ನೋಡಿಕೊಳ್ಳುತ್ತೇನೆ ಎಂದು ಪಾಟೀಲರ ಎದುರು ಪರವಾನಗಿಯ ಅರ್ಜಿಗೆ ಸಹಿ ಮಾಡಿದ ಪೆನ್ನು ಅದೇ. ಅದರ ತುದಿಯನ್ನು ಕಪ್ಪಿನ ಚಿತ್ರದ ನಟ್ಟನಡುವೆ ಊರಿದೆ. ಫಟ್ ಎಂದಿತು. ಚಾಚಾ ತೂಗುತ್ತಿದ್ದ ಸಕ್ಕರೆಯನ್ನು ಹಾಗೇ ಹಿಡಿದುಕೊಂಡು ನಿಂತರು.

ಆಕೆ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ಪಕ್ಕದಲ್ಲಿ ನಿಂತ ಅಪರಿಚಿತ ಮುದುಕನಿಗೂ ಮೂಸಿಸಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ, ಇವರು ಯಾರು ಎಂದು ಚಾಚಾರನ್ನು ಕೇಳಿದಳು. ಈ ಚಹಾದ ಮಾಲಕರು ಇವರೇ, ಬೆಳಗಾವಿಯವರು ಎಂದರು ಚಾಚಾ.

"ಮಾಲಕರ ತಮ್ಮ ಕೈಲೆ ಒಡದು ತೋರಿಸ್ಯಾರಂದ್ರ ಮುಗೀತಲ್ರಿ. ಎರಡ ಪಾಕೀಟ ಕೊಡ್ರಿ," ಎಂದಳು ಆಕೆ. ನಾನು ಕೈಯಲ್ಲಿದ್ದದ್ದನ್ನೇ ಮುಂದೆ ಹಿಡಿದೆ. "ಇದ ಬ್ಯಾಡ್ರಿ. ಇದಕ್ಕ ತೂತ ಬಿದ್ದೈತಿ. ಬೀಗರ ಮುಂದ ಇಡೂದು, ಚಲೋದು ಕೊಡ್ರಿ."

ಚಾಚಾ ಹೊರೆ ಬಿಚ್ಚಿ ಎರಡು ಸೀಲು ಪಾಕೀಟು ತೆಗೆದುಕೊಟ್ಟರು. ಅವಳ ಪಕ್ಕದಲ್ಲಿ ನಿಂತಿದ್ದ ಮುದುಕನೂ ಒಂದು ತೆಗೆದುಕೊಂಡ. ಹೊರೆ ಮತ್ತೆ ಕಟ್ಟುವ ಹೊತ್ತು ಬರಲೇ ಇಲ್ಲ. ಸಂಜೆಗೆ ಕಟ್ಟೆಯ ಮೇಲೆ ಉಳಿದದ್ದು ನಾನು ಚುಚ್ಚಿದ ಆ ಒಂದು ಪಾಕೀಟು. ನಾನು ಅದನ್ನು ಮೆಲ್ಲಗೆ ಚಾಚಾರ ಕಡೆ ಸರಿಸಿದೆ. ಅವರು ಮೆಲ್ಲಗೆ ನನ್ನ ಕಡೆ ಸರಿಸಿದರು.

"ತೂತ ಬಿದ್ದ ಪಾಕೀಟ ನಾ ಮಾರಂಗಿಲ್ರಿ, ಸಾವಕಾರ್ರ," ಎಂದರು ಚಾಚಾ, ಬಹಳ ಗಂಭೀರವಾಗಿ. "ನಿಯಮ ಐತಿ."

ಮಾಲು ಇಟ್ಟುಕೊಳ್ಳಲು ಅವರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಪ್ರತಿ ಸಂತೆಗೆ ನಾನು ಬಂದು ಅಂಗಡಿಯ ಮುಂದೆ ಕೂರಬೇಕು. ಹಾಗೆ ಈಗ ನಾನು ಸಂತೆ ಸಂತೆಗೂ ನಂದಗಡದ ಒಂದು ಸ್ಟೂಲಿನ ಮೇಲೆ ಕೂತು, ಬಂದವರ ಎದುರು ನನ್ನದೇ ಪಾಕೀಟಿಗೆ ನಾನೇ ತೂತು ಹೊಡೆಯುತ್ತೇನೆ. ಹಿಂಬದಿಯಲ್ಲಿ ಅಷ್ಟು ಖರ್ಚು ಮಾಡಿ ಅಚ್ಚು ಹಾಕಿಸಿದ ನನ್ನ ಹೆಸರು, ವಿಳಾಸ ಯಾರೂ ಓದುವುದಿಲ್ಲ. ಮುಖ ನೋಡಿ, ಮೂಸಿ, ತಲೆ ಆಡಿಸಿ, ಸೀಲಿದ್ದದ್ದನ್ನು ಒಯ್ಯುತ್ತಾರೆ. ಲೇಬಲ್ಲಿನ ಕೆಲಸ ನಾನೇ ಮಾಡುವುದಾದರೆ ನನ್ನ ಬೆನ್ನ ಮೇಲೂ ದಿನಾಂಕ ಹಾಕಿಸಬೇಕಾದೀತು ಎಂದೆ ಸಾವಿತ್ರಿಗೆ. ಹಾಕಿಸಬೇಡಿ, ಅವಧಿ ಮುಗಿದದ್ದು ಮಂದಿಗೆ ಗೊತ್ತಾಗುತ್ತದೆ ಎಂದಳು. ಚುಚ್ಚಿದ ಪಾಕೀಟುಗಳೆಲ್ಲ ನಮ್ಮ ಮನೆಗೇ ಬರುತ್ತವೆ. ಮದುವೆಯಾದ ಇಷ್ಟು ವರ್ಷಗಳ ಮೇಲೆ ಅವಳು ಮೊನ್ನೆ ಚಹಾ ಚೆನ್ನಾಗಿದೆ ಎಂದೂ ಹೇಳಿದಳು.

ಉಳಿದಿರುವುದು ಒಂದೇ ಚಿಂತೆ. ಪರವಾನಗಿ ಇರುವ ಮಾಲಕ ತನ್ನ ಪಾಕೀಟನ್ನು ತಾನೇ, ಸಂತೆಯಲ್ಲಿ, ಎಲ್ಲರ ಎದುರು, ಪೆನ್ನಿನಿಂದ ಚುಚ್ಚಬಹುದೇ? ಪಾಟೀಲರನ್ನು ಕೇಳಬಹುದು. ಫೋನು ಕೈಯಲ್ಲಿ ಹಿಡಿದು ಹಲವು ಸಲ ಅವರ ಹೆಸರಿನತನಕ ಹೋಗಿದ್ದೇನೆ. ಆದರೆ ಜೀವನದಲ್ಲಿ ಮೊದಲ ಬಾರಿಗೆ ಒಂದು ನಿಯಮವನ್ನು ತಿಳಿದುಕೊಳ್ಳದೆ ಹಾಗೇ ಬಿಟ್ಟಿದ್ದೇನೆ. ಅವರಿಗೆ ಉತ್ತರ ಗೊತ್ತಿರುವ ಸಾಧ್ಯತೆ ಇದೆ.