ಕಿವಿರು ಎತ್ತಿ ನೋಡಿದ ಮಿಷನ್

ಕೊಟ್ಟಾರದ ಬಸ್‌ಸ್ಟಾಪಿನಲ್ಲಿ "ಎಲ್ಲಿಗೆ ಹೊರಟದ್ದು?" ಎಂದು ಕೇಳಿದ ನೆರೆಮನೆಯ ಕುಮುದಿನಿಗೆ ಲೋಕಯ್ಯ ನಿಜ ಹೇಳಿಬಿಟ್ಟ. ಕೆಟ್ಟದ್ದು ಅಲ್ಲಿಂದಲೇ.

ಹೊರಟದ್ದು ದೇರೆಬೈಲಿಗೆ. ಅಲ್ಲಿ ಪಿಯುಸ್ ಎಂಬವರ ಶೆಡ್ಡಿನಲ್ಲಿ ಚರ್ಮ ಹೊಲಿಯುವ ದೊಡ್ಡ ಮಿಷನೊಂದು ಸೆಕೆಂಡ್ ಹ್ಯಾಂಡಿಗೆ ಮಾರಾಟಕ್ಕಿತ್ತು. ಶಾರ್ಜಾದ ಬ್ಯಾಗಿನ ಕಾರ್ಖಾನೆಯಲ್ಲಿ ಹತ್ತು ವರ್ಷ ಅಂಥದ್ದೇ ಮಿಷನಿನ ಮುಂದೆ ಕೂತು ಬಂದ ಲೋಕಯ್ಯ ಈಗ ಮನೆಯಲ್ಲಿ ಕೈಯಲ್ಲೇ ಹೊಲಿಯುತ್ತಿದ್ದ. ಮದುವೆಗೆಂದು ಬ್ಯಾಗು ಕೇಳಿದ ಹುಡುಗಿಗೆ ಅದು ಸಿಗುವಾಗ ಅವಳ ಮಗು ಶಾಲೆಗೆ ಸೇರಿರುತ್ತಿತ್ತು. ಈಗ ಬಲ್ಮಠದಲ್ಲಿ ಅಂಗಡಿ ಇಟ್ಟ ರೊಸಾಲಿನ್ ಬಾಯಿ ನಲವತ್ತು ಬ್ಯಾಗು ಕೇಳಿದ್ದರು. ಮಿಷನಿನಲ್ಲಿ ಹೊಲಿದ ಚರ್ಮದ ತುಂಡೊಂದನ್ನು ಮಾದರಿಗೆ ಇವತ್ತು ಸಂಜೆ ಐದರೊಳಗೆ ತೋರಿಸಬೇಕು. ಇಲ್ಲವಾದರೆ ಆರ್ಡರ್ ಬೇರೆಯವರಿಗೆ.

"ನೀನೊಬ್ಬನೇ ಹೋದ್ರೆ ಅವ ಹೇಳಿದ ರೇಟು ಕೊಟ್ಟು, ಮೇಲಿಂದ ಥ್ಯಾಂಕ್ಸೂ ಹೇಳಿ ಬರ್ತಿ," ಎಂದಳು ಕುಮುದಿನಿ. ಮೂವತ್ತು ವರ್ಷ ಮೀನು ಮಾರಿದವಳು. ಅವಳ ಬಾಯಿಗೆ ಸಿಕ್ಕಿದರೆ ತಿಮಿಂಗಿಲವೂ ಬೂತಾಯಿ ಮೀನಿನ ರೇಟಿಗೆ ಇಳಿಯುತ್ತಿತ್ತು. "ನಾನೂ ಬರ್ತೇನೆ. ನೀನು ಸುಮ್ಮನೆ ನಿಲ್ಲು. ಆಸೆ ತೋರಿಸ್ಬೇಡ. ಹಾಳಾದ ಮೀನು ನೋಡಿದ ಹಾಗೆ ಮುಖ ಮಾಡು."

ಲೋಕಯ್ಯ ಬಸ್ಸಿನಲ್ಲಿ ಆ ಮುಖವನ್ನು ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದನೆಂದರೆ, ಇವನಿಗೆ ವಾಂತಿ ಬರುತ್ತದೆಂದು ಕಂಡಕ್ಟರ್ ಕಿಟಕಿ ಬದಿಯ ಸೀಟು ಬಿಡಿಸಿಕೊಟ್ಟ.

ಪಿಯುಸರ ಶೆಡ್ಡಿನಲ್ಲಿ ಮಿಷನ್ ಕಂಡದ್ದೇ ಆ ಮುಖ ಕರಗಿ ಮದುಮಗನದ್ದಾಯಿತು. ಕುಮುದಿನಿ ಅವನ ಕಾಲು ತುಳಿದಳು.

"ಮೂವತ್ತು ಸಾವಿರ," ಎಂದರು ಪಿಯುಸ್.

ಕುಮುದಿನಿ ಮೀನಿನ ಕಿವಿರು ಎತ್ತಿದಂತೆ ಮಿಷನಿನ ಮುಚ್ಚಳ ಎತ್ತಿ, ಬಗ್ಗಿ ಮೂಸಿದಳು. "ಇದು ಸತ್ತು ಎಷ್ಟು ದಿನ ಆಯ್ತು ಮಾರ್ರೆ?"

"ಓಡ್ತದೆ ಅಕ್ಕ," ಎಂದು ಪಿಯುಸ್ ಲೋಕಯ್ಯ ತಂದಿದ್ದ ಚರ್ಮದ ಮೇಲೆ ಓಡಿಸಿದರು. ಹೊಲಿಗೆ ಮುದುಕನ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು ಬಿತ್ತು.

"ಹದಿನೈದು," ಎಂದಳು ಕುಮುದಿನಿ.

"ಅದಕ್ಕೇ ಮಾರುದಲ್ವಾ. ಇಪ್ಪತ್ತಾದ್ರೂ ಕೊಡಿ."

ಲೋಕಯ್ಯನ ಕೈ ತಡೆಯಲಿಲ್ಲ. "ಸೂಜಿ ಉಲ್ಟಾ ಹಾಕಿದ್ದು ಪಿಯುಸರೇ," ಎಂದು ಬಿಚ್ಚಿ ಸರಿಯಾಗಿ ಹಾಕಿದ. ಹೊಲಿಗೆ ಇರುವೆಸಾಲಿನಂತೆ ಬಂತು.

"ಹಾಗಾದ್ರೆ ಇಪ್ಪತ್ತೆಂಟು," ಎಂದರು ಪಿಯುಸ್.

ಕುಮುದಿನಿ ಲೋಕಯ್ಯನ ಇನ್ನೊಂದು ಕಾಲು ತುಳಿದಳು. "ಅಡಿಯ ನೂಲು ನೋಡಿ, ಕಾಗೆಗೂಡು." ರೇಟು ಇಳಿಯಿತು. ಲೋಕಯ್ಯ ಅಡಿಯ ನೂಲಿನ ಬಾಬಿನ್ ಸರಿಮಾಡಿದ. ರೇಟು ಏರಿತು. "ಶಬ್ದ ಎಂತದು, ಇಡೀ ದೇರೆಬೈಲಿನ ನಾಯಿಗಳು ಊರು ಬಿಡ್ತಾವೆ." ಇಳಿಯಿತು. ಅವನು ಬೆಲ್ಟು ಬಿಗಿ ಮಾಡಿದ. ಮಿಷನ್ ತೊಟ್ಟಿಲ ಮಗುವಿನಂತೆ ಗುನುಗಿತು. ಗಂಟೆ ಮೂರೂವರೆ.

"ಬೇಗ ಒಂದು ರೇಟು ಹೇಳಿ," ಕುಮುದಿನಿಗೆ ಸಿಟ್ಟು ಬಂತು. "ಬಲ್ಮಠದಲ್ಲಿ ರೊಸಾಲಿನ್ ಬಾಯಿ ನಲವತ್ತು ಬ್ಯಾಗಿಗೆ ಕಾಯ್ತಾ ಇದ್ದಾರೆ. ಐದರೊಳಗೆ ತುಂಡು ತೋರಿಸ್ಲಿಕ್ಕುಂಟು."

"ನಲವತ್ತಾ?" ಪಿಯುಸ್ ಹೊಲಿದ ತುಂಡನ್ನು ಎತ್ತಿ, ಎರಡೂ ಬದಿ ಸವರಿದರು. "ಇಷ್ಟು ಚಂದ ಹೊಲಿಯುವ ಮಿಷನನ್ನು ಯಾರಾದ್ರೂ ಮಾರ್ತಾರಾ? ನಾನು ಮಾರುದಿಲ್ಲ."

ಜನ್ಮದಲ್ಲಿ ಮೊದಲ ಸಲ ಕುಮುದಿನಿ ತಾನೇ ರೇಟು ಏರಿಸಿದಳು. ಮೂವತ್ತು ಅಂದಳು, ಮೂವತ್ತೈದು ಅಂದಳು. ಪಿಯುಸ್ ಮಿಷನಿಗೆ ಬೆಡ್‌ಶೀಟು ಹೊದಿಸಿದರು. ತುಂಡು ಅವರ ಕೈಯಲ್ಲೇ ಉಳಿಯಿತು.

ಕುಂಟುತ್ತಾ ಕೊಟ್ಟಾರದಲ್ಲಿ ಇಳಿಯುವಾಗ ಲೋಕಯ್ಯನ ಫೋನು ರಿಂಗಾಯಿತು. ರೊಸಾಲಿನ್ ಬಾಯಿ.

"ಬೇಜಾರು ಮಾಡ್ಬೇಡ ಲೋಕಯ್ಯ. ಪಿಯುಸ್ ಅಂತ ಒಬ್ರು ಸ್ಕೂಟರಲ್ಲಿ ಬಂದು ತುಂಡು ತೋರಿಸಿದ್ರು. ಎಂಥ ಹೊಲಿಗೆ ಮಾರಾಯ. ಆರ್ಡರ್ ಅವರಿಗೇ ಕೊಟ್ಟೆ."

ಲೋಕಯ್ಯ ಅಲ್ಲೇ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತ.

"ಆದ್ರೆ ಅವರಿಗೆ ಹೊಲಿಲಿಕ್ಕೆ ಜನ ಇಲ್ವಂತೆ. ದಿನಗೂಲಿಗೆ ನೀನು ಹೋಗ್ತೀಯಾ ಅಂತ ಕೇಳ್ತಾರೆ. ಕೂಲಿ ಎಷ್ಟು ಹೇಳ್ಲಿ?"

ಫೋನಿಗೆ ಕಿವಿ ಅಂಟಿಸಿ ನಿಂತಿದ್ದ ಕುಮುದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೊಡು ಇಲ್ಲಿ, ಅದು ನಾನು ಮಾತಾಡ್ತೇನೆ."

ಲೋಕಯ್ಯ ಎರಡೂ ಕಾಲನ್ನು ಮೇಲೆತ್ತಿಕೊಂಡು, "ಅವರು ಎಷ್ಟು ಕೊಟ್ರೂ ಸಾಕು ರೊಸಾಲಿನ್ ಬಾಯಿ," ಎಂದು ಫೋನು ಆಫ್ ಮಾಡಿಬಿಟ್ಟ.