ಸೋರ್ಸ್ ಕೋಡೂ ಅಂಜಲ್ ಸಿಗುವ ಜಾಗವೂ

ಮೊಬೈಲ್ ರಿಪೇರಿ ಅಂಗಡಿ ಇಟ್ಟವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆರೆದರೆ ಸಾಕು, ಅದೇ ಒಳಗೆ ಬರುತ್ತದೆ. ಬಂದರಿನಲ್ಲಿ ಅಜ್ಜನ ಕಾಲದ ಗೋದಾಮಿನ ಮುಂದಿನ ಕೋಣೆಯೇ ನನ್ನ ಅಂಗಡಿ. ಗಂಡ ದುಬೈಯಲ್ಲಿ. ಹೊಸ ಗಿರಾಕಿ ಬಂದರೆ ಮೊದಲು ನನ್ನ ಹಿಂದೆ ಇಣುಕಿ, "ರಿಪೇರಿಯವರು ಇಲ್ವಾ?" ಎಂದು ಕೇಳುತ್ತಾನೆ. "ಇದ್ದಾರೆ, ನಿಮ್ಮೆದುರೇ ಇದ್ದಾರೆ" ಎನ್ನುತ್ತೇನೆ. ಈ ಮಳೆಗಾಲದಲ್ಲಿ ಮಾತ್ರ ನಾನು ಜಗಳಕ್ಕೆ ಹೊರಟವಳು. ನಗು ಕರೆಯದೆ ಜೊತೆಗೆ ಬಂತು.

ಕಪ್ಪೋ ನೀಲಿಯೋ

ಜಗಳಕ್ಕೆ ಕಾರಣ ನಮ್ಮ ತಾಂಡೇಲಣ್ಣ. ತಾಂಡೇಲ ಅಂದರೆ ಮೀನಿನ ಬೋಟನ್ನು ಕಡಲಿನಲ್ಲಿ ನಡೆಸುವವರು. ಒಳ್ಳೆ ಬೆಲೆಯ ಅಂಜಲ್ ಮೀನು ಎಲ್ಲಿ ಸಿಗುತ್ತದೆ, ಬಲೆ ಹರಿಯುವ ಕಲ್ಲು ಎಲ್ಲಿದೆ ಎಂಬ ಗುರುತುಗಳನ್ನೆಲ್ಲ ಅವರು ಫೋನಿನ ಒಂದು ಆ್ಯಪಿನಲ್ಲಿ ಹಾಕಿಟ್ಟಿದ್ದರು. ಒಂದು ದಿನ ಆ ಆ್ಯಪ್, ಹೊಸ ಸಾಫ್ಟ್‌ವೇರ್ ಇಲ್ಲದೆ ತೆರೆಯುವುದಿಲ್ಲ ಎಂದು ಕೂತುಬಿಟ್ಟಿತು. ಆ ಮಾಡೆಲಿಗೆ ಹೊಸ ಸಾಫ್ಟ್‌ವೇರ್ ಇಲ್ಲ, ಬೇರೆ ಫೋನ್ ತೆಗೆದುಕೊಳ್ಳಿ ಎಂದಿತು ಕಂಪನಿ.

"ಫೋನ್ ಬೇರೆ ತಕೊಳ್ಬಹುದು ಅಕ್ಕ, ಗುರುತು ಎಲ್ಲಿಂದ ತಕೊಳ್ಳುದು? ಮಳೆಗಾಲದ ಮೀನುಗಾರಿಕೆ ರಜೆ ಮುಗಿದ್ರೆ ಬೋಟು ಇಳಿಸ್ಬೇಕು. ಕೆಲಸದ ಹುಡುಗರ ಹೊಟ್ಟೆಪಾಡು ಉಂಟು" ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

ಹಳೆ ಫೋನುಗಳಿಗೆ ಹೊಸ ಸಾಫ್ಟ್‌ವೇರ್ ಕಟ್ಟಿಕೊಡುವ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿದ್ದಾರೆ. ಅವರಿಗೆ ಬೇಕಾದದ್ದು ಸೋರ್ಸ್ ಕೋಡ್, ಎಂದರೆ ಸಾಫ್ಟ್‌ವೇರಿನ ಮೂಲ ಬರಹ. ಫೋನಿನೊಳಗಿನ ಸಾಫ್ಟ್‌ವೇರಿನ ತಿರುಳು ಕಂಪನಿಯ ಅಪ್ಪನ ಆಸ್ತಿಯಲ್ಲ. ಲೋಕದ ಜನ ಸೇರಿ ಬರೆದು ಬಿಟ್ಟಿ ಕೊಟ್ಟದ್ದು. ಶರತ್ತು ಒಂದೇ: ಅದನ್ನು ತಿದ್ದಿ ಫೋನಿಗೆ ಹಾಕಿ ಮಾರಿದವರು, ಕೊಂಡವರು ಕೇಳಿದರೆ ಆ ತಿದ್ದಿದ ಬರಹವನ್ನು ಕೊಡಬೇಕು. ನಾನು ಕೇಳಲು ಸರ್ವಿಸ್ ಸೆಂಟರಿಗೆ ಹೋದೆ.

"ಈ ಮಾಡೆಲಿನ ಸೋರ್ಸ್ ಕೋಡ್ ಬೇಕಿತ್ತು" ಎಂದೆ.

ಕೌಂಟರಿನಲ್ಲಿದ್ದ ಟೈ ಕಟ್ಟಿದ ಮಹಾಶಯ ಕಂಪ್ಯೂಟರ್ ನೋಡಿ, "ಸ್ಟಾಕ್ ಇಲ್ಲ ಮೇಡಂ, ಆರ್ಡರ್ ಹಾಕಿದ್ರೆ ಬರ್ತದೆ" ಎಂದ.

ಇಷ್ಟು ಸುಲಭವಾ ಎಂದು ನನಗೆ ಆಶ್ಚರ್ಯ. "ಹಾಕಿ ಹಾಗಾದ್ರೆ" ಎಂದೆ.

"ಕಪ್ಪು ಬೇಕಾ, ನೀಲಿ ಬೇಕಾ?"

ಓದಿದವಳ ಪಾಪ

ಸರ್ವಿಸ್ ಸೆಂಟರನ್ನು ಬಿಟ್ಟು ನೇರ ಕಂಪನಿಗೇ ಮೇಲ್ ಹಾಕಿದೆ. ಉತ್ತರವಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಗುಡಿಸಿ, ಕಂಪನಿಗೆ ಒಂದು ಮೇಲ್ ಹಾಕಿಯೇ ಮುಂದಿನ ಕೆಲಸ. ನನ್ನದು ಉಡದ ಪಟ್ಟು. ಕೊನೆಗೆ ಅವರ ಆಫೀಸರೊಬ್ಬರು ತಾವಾಗಿಯೇ ಫೋನ್ ಮಾಡಿದರು.

"ಮೇಡಂ, ಅದು ಕಂಪನಿಯ ಗುಟ್ಟು. ಹಾಗೆಲ್ಲ ಕೊಡ್ಲಿಕ್ಕೆ ಆಗುದಿಲ್ಲ."

"ಕೇಳಿದವರಿಗೆ ಕೊಡ್ತೇವೆ ಅಂತ ನೀವೇ ಬರ್ದಿದ್ದೀರಿ."

"ನಾವಾ? ಎಲ್ಲಿ?"

"ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ಕೆಳಗೆ ಕಾನೂನು ಮಾಹಿತಿ ಅಂತ ಉಂಟಲ್ಲ, ಅದರೊಳಗೆ. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ."

ಆಫೀಸರು ತಮ್ಮ ಫೋನ್ ತೆರೆದು ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ದೊಡ್ಡದೊಂದು ಉಸಿರು ಕೇಳಿಸಿತು.

"ಅದನ್ನು ಯಾರೂ ಓದುದಿಲ್ಲ ಮೇಡಂ."

"ನಾನು ಓದಿದೆ."

"ಅದೇ ಮೇಡಂ ಈಗ ಪ್ರಾಬ್ಲೆಮ್ ಆದದ್ದು!"

ಉಮ್ಮ ಯಾರ ಪಕ್ಷ?

ಕುಲಶೇಖರದ ಮನೆಯಲ್ಲಿ ಉಮ್ಮನಿಗೆ, ಎಂದರೆ ನನ್ನ ತಾಯಿಗೆ, ನನ್ನ ಈ ಹೋರಾಟ ಅರ್ಥವಾಗಲಿಲ್ಲ. "ಎಂತ ಅದು, ಊಟಕ್ಕೆ ಕೂತ್ರೂ ಆ ಕಂಪನಿಯದ್ದೇ ಮಾತು?" ಎಂದರು.

ಉಮ್ಮನ ಬಿರಿಯಾನಿಯ ಗುಟ್ಟನ್ನು ನನ್ನ ಅತ್ತೆ ಎಷ್ಟು ಸಲ ಕೇಳಿದರೂ ಉಮ್ಮ ಬಿಟ್ಟುಕೊಟ್ಟವರಲ್ಲ. ಆ ಬಿರಿಯಾನಿಯನ್ನೇ ಹಿಡಿದು ನಾನು ಬಿಡಿಸಿ ಹೇಳಿದೆ. "ಉಮ್ಮ, ನಿಮಗೆ ಯಾರೋ ಒಂದು ಬಿರಿಯಾನಿ ಮಾಡುವ ಕ್ರಮ ಕಲಿಸಿದ್ರು ಅಂತಿಟ್ಕೊಳ್ಳಿ. ದುಡ್ಡು ತಕೊಳ್ಳಲಿಲ್ಲ. ನೀನು ಇದಕ್ಕೆ ಬೇರೆ ಎಂತಾದ್ರೂ ಸೇರಿಸಿ ಮಾರಿದ್ರೆ, ತಿಂದವರು ಕೇಳಿದ್ರೆ ಪೂರಾ ಹೇಳಿಕೊಡ್ಬೇಕು ಅಂದ್ರು. ನೀವು ಒಪ್ಪಿದ್ರಿ. ಈಗ ಕೇಳಿದ್ರೆ ಹೇಳ್ಬೇಕಾ, ಬೇಡ್ವಾ?"

"ಹೇಳ್ಬೇಕು! ಒಪ್ಪಿದ ಮೇಲೆ ಬಾಯಿ ಮುಚ್ಚಿ ಕೂತ್ರೆ ಅದು ಮೋಸ" ಎಂದರು ಉಮ್ಮ. ಕಂಪನಿಯವರಿಗೆ ಬೇರೆ ನಾಲ್ಕು ಮಾತು ಬೈದರು. ನನಗೆ ಭಾರೀ ಸಂತೋಷವಾಯಿತು.

ಪಾತ್ರೆ ಎತ್ತಿಕೊಂಡು ಒಳಗೆ ಹೋದವರು ಅರ್ಧದಿಂದ ತಿರುಗಿ ಬಂದು, ತಗ್ಗಿದ ಸ್ವರದಲ್ಲಿ ಕೇಳಿದರು. "ಈ ಕಾನೂನು ನಿನ್ನ ಅತ್ತೆಗೆ ಗೊತ್ತುಂಟಾ?"

ಅದು ಬೇರೆ

ಒಬ್ಬಳೇ ಕೇಳಿದರೆ ಸಾಲದು, ಅದೇ ಫೋನ್ ಇಟ್ಟುಕೊಂಡವರೆಲ್ಲ ಕೇಳಲಿ ಎಂದು ತಾಂಡೇಲಣ್ಣ ಬೋಟು ನಿಲ್ಲುವ ದಕ್ಕೆಯಲ್ಲಿ ಜನ ಸೇರಿಸಿದರು. ಕಟ್ಟಿಹಾಕಿದ ಬೋಟುಗಳ ಎದುರು, ಬಲೆ ಹೊಲಿಯುತ್ತಿದ್ದವರ ನಡುವೆ ಐಸ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತರು.

"ನಾಲ್ಕು ಜನ ಕೊಟ್ಟದ್ರಿಂದ ದುಡ್ಡು ಮಾಡಿದವ ಅದನ್ನು ಮುಚ್ಚಿಡ್ಬಾರ್ದು! ಕೇಳಿದವರಿಗೆ ಕೊಡ್ಬೇಕು! ಕಡಲು ಹೇಗೆ ಎಲ್ಲರದ್ದೋ ಇದೂ ಹಾಗೆ!"

ಚಪ್ಪಾಳೆಯೋ ಚಪ್ಪಾಳೆ. ಅವರ ಹೆಂಡತಿಯ ತಮ್ಮ, ಬೇರೊಂದು ಬೋಟಿನ ತಾಂಡೇಲ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ಎದ್ದು ನಿಂತ. "ಸರಿಯಾದ ಮಾತು ಭಾವ! ಹೋದ ವರ್ಷ ನಿಮಗೆ ಅಷ್ಟು ಅಂಜಲ್ ಬಿತ್ತಲ್ಲ, ಅದು ಎಲ್ಲಿ?"

ತಾಂಡೇಲಣ್ಣ ಪೆಟ್ಟಿಗೆಯಿಂದ ಇಳಿದರು. "ಅದು ಬೇರೆ ಮಾರಾಯ."

ಪೂರಾ ಕೊಟ್ಟದ್ದು

ದಕ್ಕೆಯವರ ಮೇಲುಗಳೂ ಸೇರಿದ ಮೇಲೆ ಕಂಪನಿ ಬಗ್ಗಿತು. ಸೋರ್ಸ್ ಕೋಡ್ ಬಂತು! ಕುಣಿದಾಡುತ್ತಾ ಆ ಪುಣ್ಯಾತ್ಮರಿಗೆ ಕಳಿಸಿದೆ. ಇದು ಅರ್ಧವೇ ಇದೆ, ಇದನ್ನು ಹೇಗೆ ಜೋಡಿಸಬೇಕು ಎಂಬ ಭಾಗವೇ ಇಲ್ಲ ಎಂದು ಅವರು ಬರೆದರು. ಕಂಪನಿಯನ್ನು ಕೇಳಿದರೆ ಉತ್ತರ ಹೀಗಿತ್ತು: "ನೀವು ಕೇಳಿದ್ದು ಸೋರ್ಸ್ ಕೋಡ್. ಜೋಡಿಸುವ ಕ್ರಮ ಕೇಳಿರಲಿಲ್ಲ. ಅದಕ್ಕೆ ದಯವಿಟ್ಟು ಬೇರೆ ಮೇಲ್ ಹಾಕಿ."

ಅದನ್ನು ಓದಿ ಹೇಳಿದಾಗ ತಾಂಡೇಲಣ್ಣ, "ಇವರ ತಲೆಗೆ ಬೆಂಕಿ ಬೀಳ!" ಎಂದರು. ಆಮೇಲೆ ಅದೇ ಸಾಲನ್ನು ನನ್ನಿಂದ ಇನ್ನೊಮ್ಮೆ ಓದಿಸಿ ಕೇಳಿಸಿಕೊಂಡರು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ನಾನು ಬೇರೆ ಮೇಲ್ ಹಾಕಿದೆ. ಉಳಿದದ್ದೂ ಬಂತು. ಬೋಟು ಇಳಿಯುವ ಹಿಂದಿನ ದಿನ ಹೊಸ ಸಾಫ್ಟ್‌ವೇರ್ ಫೋನಿಗೆ ಹತ್ತಿತು, ಆ್ಯಪ್ ತೆರೆಯಿತು, ಗುರುತುಗಳು ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ತಾಂಡೇಲಣ್ಣ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಗೆದ್ದೆವಲ್ಲ!

ಪಕ್ಕದಲ್ಲೇ ನಿಂತಿದ್ದ ಅವರ ಭಾವಮೈದ ಮೆಲ್ಲಗೆ, "ಕೇಳಿದವರಿಗೆ ಕೊಡ್ಬೇಕು ಅಂತ ದಕ್ಕೆಯಲ್ಲಿ ಹೇಳಿದ್ದು ನೀವೇ. ಈಗ ಕೇಳ್ತಿದ್ದೇನೆ. ಆ ಅಂಜಲಿನ ಜಾಗ?" ಎಂದ.

ತಾಂಡೇಲಣ್ಣ ನನ್ನ ಮುಖ ನೋಡಿದರು. ಗೋಡೆ ನೋಡಿದರು. ಕೊನೆಗೆ ಫೋನನ್ನೇ ಭಾವಮೈದನ ಕೈಗೆ ಕೊಟ್ಟು, "ತಕೋ, ಗುರುತು ಹಾಕ್ಕೋ" ಎಂದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ.

ಮುಂದಿನ ವಾರ ಭಾವಮೈದ ಬುಸುಗುಟ್ಟುತ್ತಾ ಅಂಗಡಿಗೆ ಬಂದ. ತಾಂಡೇಲಣ್ಣ ನನ್ನ ಎದುರು ಕೂತು ಚಾ ಕುಡಿಯುತ್ತಿದ್ದರು.

"ಎಂಥ ಜಾಗ ಕೊಟ್ಟದ್ದು ನೀವು? ಬಲೆ ತುಂಬ ಬರೀ ಜೆಲ್ಲಿ ಮೀನು!"

"ಜಾಗ ಅದೇ. ಸುಳ್ಳಾದ್ರೆ ಕಡಲಮ್ಮನ ಆಣೆ. ಅಲ್ಲಿಗೆ ಅಂಜಲ್ ಬರುದು ದೀಪಾವಳಿ ಕಳೆದ ಮೇಲೆ."

"ಅದನ್ನು ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು?"

ತಾಂಡೇಲಣ್ಣ ಚಾದ ಗ್ಲಾಸು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಥೇಟ್ ಕಂಪನಿಯ ಆಫೀಸರ ಗತ್ತಿನಲ್ಲಿ ಹೇಳಿದರು.

"ನೀನು ಕೇಳಿದ್ದು ಜಾಗ. ತಿಂಗಳು ಕೇಳಿರ್ಲಿಲ್ಲ. ಅದಕ್ಕೆ ದಯವಿಟ್ಟು ಬೇರೆ ಮೇಲ್ ಹಾಕು."