ಮಾಲೀಕರು ನೀವೇನ್ರಿ?

ಎಮ್ಮಿಗನೂರಿನ ನಮ್ಮ ಚಿಗವ್ವನ ಗದ್ದೆಯಲ್ಲಿ ನಿಂತಿರುವ ಕರೆಂಟಿನ ಟವರು ತನ್ನದೆಂದು ಸರ್ಕಾರ ನಂಬಿಕೊಂಡಿದೆ. ಪಾಪ! ನಂಬಲಿ ಬಿಡಿ.

ಚಿಗವ್ವನ ಲೆಕ್ಕವೇ ಬೇರೆ. ಸರ್ಕಾರಕ್ಕೆ ಓಟು ಹಾಕಿದವಳು ಅವಳು, ಅಂದಮೇಲೆ ಟವರೂ ಅವಳದೇ. ಆಯುಧ ಪೂಜೆಗೆ ಅದರ ನಾಲ್ಕೂ ಕಾಲಿಗೆ ವಿಭೂತಿ ಬಳಿದು ಕುಂಬಳಕಾಯಿ ಒಡೆಯುತ್ತಾಳೆ. ಊರಲ್ಲಿ ಕರೆಂಟು ಹೋಯಿತೋ, ಛತ್ರಿ ಹಿಡಿದು ಕಂಪ್ಲಿ ಬಸ್ಸು ಹತ್ತುತ್ತಾಳೆ. ಬಸ್ಸು ಮುಟ್ಟುವುದರೊಳಗೆ ಕರೆಂಟು ಬಂದಿರುತ್ತದೆ. ಆದರೂ ವಿದ್ಯುತ್ ಕಚೇರಿಯ ಎಂಜಿನಿಯರನ್ನು ಎದುರಿಗೆ ಕೂತು ಬೈಯುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲಂತೂ ವಾರಕ್ಕೆ ಎರಡು ಸಲ! ವರ್ಗವಾಗಿ ಹೋಗುವ ಎಂಜಿನಿಯರು ಹೊಸಬರಿಗೆ ಮೊದಲು ಕಪಾಟಿನ ಚಾವಿ ಒಪ್ಪಿಸುತ್ತಾರೆ, ಆಮೇಲೆ ಚಿಗವ್ವನನ್ನು.

ಹೀಗಿರುವಾಗ ಖಾಸಗಿ ಕಂಪನಿಯೊಂದು ಸಂಡೂರು ಕಡೆಯ ಗಾಳಿಯಂತ್ರಗಳಿಂದ ಹೊಸ ಲೈನು ಎಳೆಯಲು ಹೊರಟಿತು. ಅದರ ಒಂದು ಟವರು ಚಿಗವ್ವನ ಗದ್ದೆಗೇ ಬರಬೇಕೇ? ಕಟ್ಟುವ ಗ್ಯಾಂಗಿನ ಮೇಸ್ತ್ರಿ ಯಾರು? ನಾನೇ! ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಟವರು ಹತ್ತಿ ಬೋಲ್ಟು ಬಿಗಿಯುತ್ತಿದ್ದೇನೆ. ನಾನು ಕಟ್ಟಿದ ಒಂದು ಟವರೂ ಇದುವರೆಗೆ ಗಾಳಿಗೆ ತಲೆದೂಗಿಲ್ಲ. ಎಲ್ಲೂ ನಿಲ್ಲದ ನನ್ನ ಕೆಲಸ ಸ್ವಂತ ಚಿಗವ್ವನ ಒಂದು ಸಹಿಗೆ ನಿಂತುಬಿಟ್ಟಿತು.

ಮೊದಲು ಕಂಪನಿಯ ಸರ್ವೆಯವರು ಬಂದರು. ಚಿಗವ್ವ ಚಾಪೆ ಹಾಸಿದಳು.

"ಕುಂದ್ರಿ. ಮಾಲೀಕರು ನೀವೇನ್ರಿ?"

"ಅಲ್ಲಮ್ಮ, ನಾನು ಸರ್ವೆ ಮಾಡೋನು..."

"ಹಂಗಾರ ಚಾ ಕುಡದು ಹೋಗ್ರಿ."

ಮರುದಿನ ಕಂಪನಿಯ ಎಂಜಿನಿಯರು ಬಂದರು. ಚಾ ಕುಡಿದು ಹೋದರು. ಮರುವಾರ ಹೊಸಪೇಟೆಯಿಂದ ಮ್ಯಾನೇಜರು ಎಸಿ ಕಾರಿನಲ್ಲಿ ಬಂದರು. ಅವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ದೂರದಿಂದ ಬಂದವರಲ್ಲವೇ? ಮಾಲೀಕರ ಪ್ರಶ್ನೆ ಅವರಿಗೂ ಬಂತು.

"ಮಾಲೀಕರು ಅಂತ ಒಬ್ರಿಲ್ಲಮ್ಮ. ಲಕ್ಷಾಂತರ ಶೇರುದಾರರು ಇದಾರೆ."

"ಎಲ್ಲಾರ್ನೂ ಕರಕೊಂಡು ಬರ್ರಿ. ಮಂಡಕ್ಕಿ ನೆನಿ ಹಾಕ್ತೀನಿ."

ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರು ಬುದ್ಧಿ ಹೇಳಲು ಬಂದರು. "ಪ್ರೈವೇಟ್ ಆದ್ರ ಕರೆಂಟ ಹೋಗಂಗೇ ಇಲ್ಲ ನೋಡವಾ!"

"ಹೋಗ್ಲಿಲ್ಲಂದ್ರ ನಾ ಯಾರನ್ನ ಬೈಲ್ರೀ?"

ಸಾಹುಕಾರರ ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಅವರೂ ಚಾ ಕುಡಿದು ಹೋದರು.

ಕೊನೆಗೆ ಕಾಗದ, ಪೆನ್ನು ಹಿಡಿದು ನಾನೇ ಹೋದೆ. ಚಿಗವ್ವ ಮನೆ ಮುಂದಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನಗೂ ಸಿಟ್ಟು ಬಂದಿತ್ತು.

"ಯಾಕ ಚಿಗವ್ವಾ, ನನ್ನ ಕೆಲಸಕ್ಕ ಕಲ್ಲು ಹಾಕ್ತಿ? ಸರ್ಕಾರದ್ದಾದ್ರೇನು, ಪ್ರೈವೇಟ್ ಆದ್ರೇನು? ಎಲ್ಡೂ ಕಬ್ಬಿಣಾನ ಅಲ್ಲೇನು?"

ಅವಳು ತಲೆ ಎತ್ತಲಿಲ್ಲ. "ನಿಮ್ಮ ಕಾಕಾ ಲೈನ್‌ಮನ್ ಇದ್ನಲ್ಲ, ದರೋಜಿ ಕಡೆ ಕಂಬದಿಂದ ಜಾರಿ ಬಿದ್ದು ಹೋದ್ನಲ್ಲ. ಅವತ್ತು ಆಫೀಸಿನ ಎಂಜಿನಿಯರ್ರು ಬಂದು ಇದ ಕಟ್ಟಿ ಮ್ಯಾಲ ಹೊತ್ತು ಮುಳುಗೋತನ ಕುಂತಿದ್ರು. ಬಾಯಿಗೆ ಬಂದಂಗ ಬೈದೆ. ಮುಖಕ್ಕ ಮಣ್ಣು ತೂರಿದೆ. ಒಂದ ಮಾತಾಡ್ಲಿಲ್ಲ, ಬೈಸ್ಕೊಂಡು ಕುಂತ್ರು. ಈ ಕಂಪನಿಯಾಗ ಹಂಗ ಬಂದು ಕುಂದ್ರೋರು ಯಾರು, ಹೇಳು?"

"ಯಾರೂ ಬರ್ಲಿಲ್ಲಂದ್ರ ನಾ ಬಂದು ಕುಂದ್ರತೀನಿ. ಸಹಿ ಹಾಕು."

ಆಗ ಚಿಗವ್ವ ನನ್ನ ಮುಖ ನೋಡಿದಳು.

"ಮ್ಯಾಲ ಹತ್ತೋವ ನೀನಲ್ಲೇನೋ, ಹುಚ್ಚಪ್ಪಾ? ನೀ ಹೆಂಗ ಬರ್ತಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.